ನಾಲ್ಕು ಪ್ರೀತಿಗಳ ಏಣಿ: ‘ಲವ್’ ಎಂಬ ಪದ ಮತ್ತು ನಮ್ಮ ಪ್ರಬೋಧನೆ

ಪ್ರೀತಿಯ ಆಜ್ಞೆಯನ್ನು ಕುರಿತ ಪ್ರಬೋಧನೆಗಳಲ್ಲಿ ಒಂದು ವಿವರಣೆ ಮತ್ತೆ ಮತ್ತೆ ಕೇಳಿಬರುತ್ತದೆ. ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲವ್’ ಎಂಬ ಒಂದೇ ಪದವಿದೆ. ತಾಯಿ ಮಗುವನ್ನು ಪ್ರೀತಿಸುವುದಕ್ಕೂ, ವರನು ವಧುವನ್ನು ಪ್ರೀತಿಸುವುದಕ್ಕೂ, ಒಬ್ಬನು ಕಾಫಿಯನ್ನು ಇಷ್ಟಪಡುವುದಕ್ಕೂ, ದೇವರು ಲೋಕವನ್ನು ಪ್ರೀತಿಸಿದ್ದಕ್ಕೂ ಆ ಭಾಷೆ ಇದೊಂದನ್ನೇ ಬಳಸುತ್ತದೆ. ಗ್ರೀಕ್ ಭಾಷೆಯಾದರೋ ಶ್ರೀಮಂತವಾದುದು. ಅಲ್ಲಿ ಸ್ಟೊರ್ಗೆ ಎಂದರೆ ಕುಟುಂಬದ ಮಮತೆ, ಏರೊಸ್ ಎಂದರೆ ಗಂಡುಹೆಣ್ಣಿನ ಅನುರಾಗ, ಫಿಲಿಯಾ ಎಂದರೆ ಗೆಳೆತನ, ಅಗಾಪೆ ಎಂದರೆ ದೇವರ ನಿಸ್ವಾರ್ಥ ಪ್ರೀತಿ. ಮೊದಲಿನ ಮೂರು ಮಾನವ ಸಹಜವಾದ ಕೆಳಗಿನ ಮೆಟ್ಟಿಲುಗಳು. ಕ್ರೈಸ್ತನು ಅವನ್ನು ಹತ್ತಿ ದಾಟಿ ನಾಲ್ಕನೆಯದನ್ನು ತಲುಪಬೇಕು. ಇಂಗ್ಲಿಷ್ ವ್ಯಾಖ್ಯಾನಗಳಿಂದ ಬಂದ ಈ ವಿವರಣೆ ಇಂದು ನಮ್ಮ ಧರ್ಮೋಪದೇಶದ ತರಗತಿಗಳಲ್ಲಿಯೂ ವಿವಾಹ ಸಿದ್ಧತಾ ಶಿಬಿರಗಳಲ್ಲಿಯೂ ಸಿದ್ಧಾಂತದಂತೆ ನೆಲೆಯೂರಿದೆ.

ಈ ವಿವರಣೆಯನ್ನು ನಾವು ಇಲ್ಲಿ ವಿಮರ್ಶೆಗೆ ಒಡ್ಡಲು ಬಯಸುತ್ತೇವೆ. ಪವಿತ್ರ ಗ್ರಂಥದ ಭಾಷಾಬಳಕೆ ಈ ಏಣಿಯನ್ನು ಸಮರ್ಥಿಸುವುದಿಲ್ಲ ಎಂಬುದು ನಮ್ಮ ಮೊದಲನೆಯ ವಾದ. ಪದಕೋಶದ ಈ ತಪ್ಪು ಪದಕೋಶದಲ್ಲಿಯೇ ಉಳಿಯುವುದಿಲ್ಲ, ಅದು ಗುರುಮಠದ ಗೆಳೆತನವನ್ನೂ ವಿಶ್ವಾಸಿಗಳ ದಾಂಪತ್ಯವನ್ನೂ ತಟ್ಟುತ್ತದೆ ಎಂಬುದು ಎರಡನೆಯದು.

ಇಂಗ್ಲಿಷ್ ಬಡ ಭಾಷೆಯೇ?

ಮೊದಲಿಗೆ ‘ಲವ್’ ಪದದ ಮೇಲಿನ ಆರೋಪವನ್ನು ಪರಿಶೀಲಿಸೋಣ. ಪ್ರೀತಿಯನ್ನು ಸೂಚಿಸಲು ಇಂಗ್ಲಿಷಿಗೆ ಪದಗಳ ಕೊರತೆಯಿಲ್ಲ. ಹಳೆಯ ಇಂಗ್ಲಿಷಿನ ‘ಲುಫು’ ಎಂಬುದರಿಂದ ಬಂದ ‘ಲವ್’ ಇದೆ; ಲತೀನಿನ ‘ಕಾರಿತಾಸ್’ ಫ್ರೆಂಚಿನ ಮೂಲಕ ಹಾದು ಬಂದ ‘ಚಾರಿಟಿ’ ಇದೆ; ‘ಅಫೆಕ್ಷನ್’, ‘ಡಿವೋಷನ್’, ‘ಟೆಂಡರ್‌ನೆಸ್’, ‘ಫಾಂಡ್‌ನೆಸ್’, ‘ಫ್ರೆಂಡ್‌ಶಿಪ್’ ಇವೆ. ಇವುಗಳಲ್ಲಿ ‘ಲವ್’ ಎಂಬುದು ಅತಿ ವ್ಯಾಪಕವಾದುದು. ಎಲ್ಲ ಭಾಷೆಗಳಲ್ಲಿಯೂ ಇಂಥ ಒಂದು ವ್ಯಾಪಕ ಪದ ಇರುತ್ತದೆ. ಕನ್ನಡದಲ್ಲಿ ‘ಪ್ರೀತಿ’ ಆ ಕೆಲಸವನ್ನು ಮಾಡುತ್ತದೆ. ಮಗುವನ್ನೂ ದೇವರನ್ನೂ ಊರನ್ನೂ ಹೋಳಿಗೆಯನ್ನೂ ನಾವು ಅದೇ ಪದದಿಂದ ಪ್ರೀತಿಸುತ್ತೇವೆ. ಆದರೂ ಕೇಳುಗನಿಗೆ ಎಂದೂ ಗೊಂದಲವಾಗುವುದಿಲ್ಲ.

ಪವಿತ್ರ ಗ್ರಂಥದ ಮೊದಲ ಭಾಷೆಯಾದ ಹೀಬ್ರೂ ಮಾಡುವುದೂ ಇದನ್ನೇ. ‘ಆಹವ್’ ಎಂಬ ಒಂದೇ ಧಾತು ಅಲ್ಲಿ ಎಷ್ಟು ದೂರ ಸಂಚರಿಸುತ್ತದೆಂಬುದನ್ನು ಗಮನಿಸಬೇಕು. ವೃದ್ಧನಾದ ಇಸಾಕನು ತನಗೆ ಇಷ್ಟವಾದ ರುಚಿಯ ಊಟವನ್ನು ಕೇಳುವಾಗ ಬಳಸುವುದು ಆ ಧಾತುವನ್ನೇ (ಆದಿಕಾಂಡ 27:4). ಯಕೋಬನು ರಾಖೇಲಳನ್ನು ಪ್ರೀತಿಸಿದ್ದು (ಆದಿಕಾಂಡ 29:18), ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ (ಯಾಜಕಕಾಂಡ 19:18), ಸರ್ವೇಶ್ವರನನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕೆಂಬ ಆಜ್ಞೆ (ಧರ್ಮೋಪದೇಶಕಾಂಡ 6:5), ಸರ್ವೇಶ್ವರನೇ ಇಸ್ರಯೇಲನ್ನು ಪ್ರೀತಿಸಿದ್ದು (ಧರ್ಮೋಪದೇಶಕಾಂಡ 7:8), ಇವೆಲ್ಲಕ್ಕೂ ಅದೇ ಧಾತು. ಊಟಕ್ಕೂ ದೇವರಿಗೂ ಒಂದೇ ಪದವೆಂದು ಇಂಗ್ಲಿಷನ್ನು ಹಳಿಯುವವರು ಮೋಶೆಯ ಗ್ರಂಥಗಳನ್ನೂ ಹಳಿಯಬೇಕಾಗುತ್ತದೆ.

ಅಗಾಪೆ ಎಂಬ ಸಾಧಾರಣ ಪದ

ಹಾಗಾದರೆ ಗ್ರೀಕ್ ಪದಗಳಾದರೂ ನಾಲ್ಕು ಬೇರೆ ಬೇರೆ ಕೋಣೆಗಳಲ್ಲಿ ವಾಸಿಸುತ್ತವೆಯೇ? ಹೀಬ್ರೂ ಧರ್ಮಗ್ರಂಥದ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಈ ಪ್ರಶ್ನೆಗೆ ಕಠಿಣವಾದ ಉತ್ತರ ಕೊಡುತ್ತದೆ. ದಾವೀದನ ಮಗನಾದ ಅಮ್ನೋನನು ತನ್ನ ಮಲತಂಗಿ ತಾಮಾರಳನ್ನು ಮೋಹಿಸಿ, ಮೋಸದಿಂದ ಕೋಣೆಗೆ ಕರೆಸಿ, ಅವಳ ಮೇಲೆ ಬಲಾತ್ಕಾರ ಮಾಡಿ, ಅನಂತರ ಅವಳನ್ನು ದ್ವೇಷಿಸಿದ ಕಥೆ 2 ಸಮುವೇಲ 13ರಲ್ಲಿದೆ. ಆ ಮೋಹಕ್ಕೆ ಅನುವಾದಕರು ಇಟ್ಟಿರುವ ಪದ ಅಗಾಪೆ, ಕ್ರಿಯಾಪದ ಅಗಪಾನ್. ಅದೇ ಸೆಪ್ಟುವಜಿಂಟಿನಲ್ಲಿ ಅಗಾಪೆ ಎಂಬ ನಾಮಪದ ಅತಿ ಹೆಚ್ಚು ಬಾರಿ ಕಾಣಿಸಿಕೊಳ್ಳುವ ಗ್ರಂಥ ಪರಮಗೀತೆ. ನಲ್ಲ ನಲ್ಲೆಯರ ಅನುರಾಗದ ಗ್ರಂಥವದು.

ಹೊಸ ಒಡಂಬಡಿಕೆಯೂ ಇದಕ್ಕಿಂತ ಭಿನ್ನವಾಗಿಲ್ಲ. ಫರಿಸಾಯರು ಪ್ರಾರ್ಥನಾಮಂದಿರಗಳ ಮುಖ್ಯ ಆಸನಗಳನ್ನು ಆಶಿಸುವುದಕ್ಕೆ ಲೂಕನು ಬಳಸುವುದು ಅಗಪಾನ್ (11:43); ಅದೇ ಆಪಾದನೆಯನ್ನು ಬರೆಯುವಾಗ ಮತ್ತಾಯನು ಬಳಸುವುದು ಫಿಲೇನ್ (23:6). ಮನುಷ್ಯರು ಬೆಳಕಿಗಿಂತ ಕತ್ತಲೆಯನ್ನು ಮೆಚ್ಚಿದ್ದು ಅಗಪಾನ್ (ಯೊವಾನ್ನ 3:19). ದೇಮನು ಪೌಲರನ್ನು ಬಿಟ್ಟುಹೋದದ್ದು ಈ ಲೋಕದ ಮೇಲಿನ ಪ್ರೀತಿಯಿಂದ. ಅದೂ ಅಗಪಾನ್ (2 ತಿಮೊಥೇಯ 4:10). ಇನ್ನೊಂದು ಕಡೆ, ಪಿತನು ಪುತ್ರನನ್ನು ಪ್ರೀತಿಸುವುದು ಯೊವಾನ್ನ 3:35ರಲ್ಲಿ ಅಗಪಾನ್ ಆದರೆ 5:20ರಲ್ಲಿ ಫಿಲೇನ್. ಯೇಸುಸ್ವಾಮಿಯ ಆಪ್ತ ಶಿಷ್ಯನನ್ನು ಕುರಿತು 13:23ರಲ್ಲಿ ಅಗಪಾನ್, 20:2ರಲ್ಲಿ ಫಿಲೇನ್. ಪ್ರಭುವನ್ನು ಪ್ರೀತಿಸದವನನ್ನು ಪೌಲರು ಶಪಿಸುವಾಗ ಬಳಸುವ ಕ್ರಿಯಾಪದ, ನಾವು ನಿರೀಕ್ಷಿಸುವಂತೆ ಅಗಪಾನ್ ಅಲ್ಲ, ಫಿಲೇನ್ (1 ಕೊರಿಂಥಿಯರಿಗೆ 16:22). ಏರೊಸ್ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಸ್ಟೊರ್ಗೆ ಸ್ವತಂತ್ರವಾಗಿ ಬರದೆ, ರೋಮನರಿಗೆ 12:10ರಲ್ಲಿರುವಂತೆ ಸಮಾಸಪದಗಳ ಒಳಗೆ ಮಾತ್ರ ಇಣುಕುತ್ತದೆ. ಹೀಗಿರುವಾಗ ಪವಿತ್ರ ಗ್ರಂಥವು ನಾಲ್ಕು ಪ್ರೀತಿಗಳನ್ನು ಬೋಧಿಸುತ್ತದೆ ಎಂಬ ಮಾತಿಗೆ ಆಧಾರವೆಲ್ಲಿ?

ಕ್ರೈಸ್ತರಿಗೆ ಅಗಾಪೆ ಪ್ರಿಯವಾದ ಪದವಾಯಿತೆಂಬುದು ನಿಜ. ಆ ಕಾಲಕ್ಕೆ ಅಗಪಾನ್ ಪ್ರೀತಿಯನ್ನು ಸೂಚಿಸುವ ಸಾಮಾನ್ಯ ಕ್ರಿಯಾಪದವಾಗಿ ಬಳಕೆಗೆ ಬಂದಿತ್ತು. ಫಿಲೇನ್‌ಗೆ ಮುದ್ದಿಡು ಎಂಬ ಇನ್ನೊಂದು ಅರ್ಥವೂ ಇತ್ತು. ಯೂದನು ಕೊಟ್ಟ ಗುರುತನ್ನು ಮಾರ್ಕನು ಹೇಳುವುದು ಆ ಪದದಿಂದಲೇ (14:44). ಆ ಸಾಮಾನ್ಯ ಪದಕ್ಕೆ ಅಸಾಮಾನ್ಯ ಅರ್ಥ ಬಂದದ್ದು ಶಿಲುಬೆಯಿಂದ. ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣಕೊಟ್ಟರೆಂದು ಪೌಲರು (ರೋಮನರಿಗೆ 5:8), ಪ್ರೀತಿಯೆಂದರೆ ಏನೆಂಬುದು ದೇವರು ಪುತ್ರನನ್ನು ಕಳುಹಿಸಿದ್ದರಲ್ಲಿ ತಿಳಿಯುತ್ತದೆಂದು ಯೊವಾನ್ನರು (1 ಯೊವಾನ್ನ 4:10) ಹೇಳುವಾಗ, ಇಬ್ಬರೂ ನಿಘಂಟನ್ನು ತೆರೆಯದೆ ಒಂದು ಘಟನೆಯತ್ತ ಕೈ ತೋರಿಸುತ್ತಾರೆ. ಪದದ ಒಳಗೇ ದೈವಶಾಸ್ತ್ರ ಅಡಗಿದೆಯೆಂಬ ಭ್ರಮೆಯನ್ನು ಸ್ಕಾಟ್ಲೆಂಡಿನ ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲಿ ಬೈಬಲ್ ಭಾಷೆಯ ಅರ್ಥವಿಚಾರವನ್ನು ಕುರಿತ ತಮ್ಮ ಗ್ರಂಥದಲ್ಲಿ ಖಂಡಿಸಿದರು. ಅರ್ಥವನ್ನು ಹೊರುವುದು ವಾಕ್ಯ, ಬಿಡಿಪದವಲ್ಲ ಎಂಬುದು ಅವರ ವಾದದ ತಿರುಳು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಸ್ನೇಹ’ ಎಂದರೆ ಸಂಸ್ಕೃತದಲ್ಲಿ ಎಣ್ಣೆಯ ಜಿಡ್ಡು ಎಂಬ ಅರ್ಥವೂ ಇದೆ, ‘ವಾತ್ಸಲ್ಯ’ದಲ್ಲಿ ಕರುವಿದೆ, ‘ಮಮತೆ’ಯಲ್ಲಿ ‘ನನ್ನದು’ ಎಂಬುದಿದೆ. ಆದರೂ ಸ್ನೇಹಿತರನ್ನು ನೋಡಿ ಎಣ್ಣೆಯನ್ನು ನೆನೆಯುವವರಿಲ್ಲ. ತಾಯಿಯ ಮಮತೆಯನ್ನು ಸ್ವಾರ್ಥವೆಂದು ಕರೆಯುವವರೂ ಇಲ್ಲ.

ತಿಬೇರಿಯ ಸರೋವರದ ದಡದಲ್ಲಿ

ನಾಲ್ಕು ಮೆಟ್ಟಿಲುಗಳ ಏಣಿಯನ್ನು ನಿಲ್ಲಿಸಲು ಸಾಮಾನ್ಯವಾಗಿ ಆರಿಸುವ ಗೋಡೆ ಯೊವಾನ್ನ 21:15-17. ಪುನರುತ್ಥಾನರಾದ ಯೇಸುಸ್ವಾಮಿ ಪೇತ್ರನನ್ನು ಮೂರು ಬಾರಿ ಪ್ರಶ್ನಿಸುತ್ತಾರೆ. ಮೊದಲ ಎರಡು ಪ್ರಶ್ನೆಗಳಲ್ಲಿ ಅಗಪಾನ್. ಪೇತ್ರನ ಮೂರೂ ಉತ್ತರಗಳಲ್ಲಿ ಫಿಲೇನ್. ಮೂರನೆಯ ಪ್ರಶ್ನೆಯಲ್ಲಿ ಯೇಸುವೂ ಫಿಲೇನ್ ಬಳಸುತ್ತಾರೆ. ಪೇತ್ರನು ದಿವ್ಯ ಪ್ರೀತಿಯ ಎತ್ತರಕ್ಕೆ ಏರಲಾರದೆ ಬರಿಯ ಗೆಳೆತನವನ್ನು ನೀಡಿದನು, ಯೇಸು ಅವನ ಮಟ್ಟಕ್ಕೆ ಇಳಿದುಬಂದರು ಎಂಬುದು ಇದಕ್ಕೆ ಕೊಡುವ ವ್ಯಾಖ್ಯಾನ.

ಈ ವ್ಯಾಖ್ಯಾನ ಮನಸ್ಸನ್ನು ಮುಟ್ಟುತ್ತದೆ, ಆದರೆ ಪಠ್ಯದ ಮುಂದೆ ನಿಲ್ಲುವುದಿಲ್ಲ. ಅದೇ ಮೂರು ವಚನಗಳಲ್ಲಿ ‘ಮೇಯಿಸು’ ಎಂಬುದಕ್ಕೆ ಎರಡು ಪದಗಳಿವೆ, ‘ಕುರಿಮರಿ’ ಮತ್ತು ‘ಕುರಿ’ ಎಂಬ ಬದಲಾವಣೆಯಿದೆ, ‘ತಿಳಿ’ ಎಂಬುದಕ್ಕೂ ಎರಡು ಪದಗಳಿವೆ. ಸಮಾನಾರ್ಥಕ ಪದಗಳನ್ನು ಹೀಗೆ ಅದಲುಬದಲು ಮಾಡುವುದು ಈ ಶುಭಸಂದೇಶಕಾರನ ಶೈಲಿ. ಇನ್ನೂ ಮುಖ್ಯವಾಗಿ, ತನ್ನನ್ನು ಮೂರನೆಯ ಬಾರಿ ಕೇಳಿದ್ದಕ್ಕಾಗಿ ಪೇತ್ರನು ನೊಂದುಕೊಂಡನೆಂದು ಯೊವಾನ್ನನು ಹೇಳುತ್ತಾನೆ. ಪ್ರಶ್ನೆ ಮೂರು ಬಾರಿಯೂ ಒಂದೇ ಎಂದು ಎಣಿಸಿದರೆ ಮಾತ್ರ ‘ಮೂರನೆಯ ಬಾರಿ’ ಎಂಬುದಕ್ಕೆ ಅರ್ಥವಿದೆ. ಪೇತ್ರನ ಉತ್ತರವೂ ‘ಹೌದು’ ಎಂದೇ ಆರಂಭವಾಗುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಕೊಡುವವನು ಹೌದೆನ್ನುವುದಿಲ್ಲ.

ವ್ಯತ್ಯಾಸವಿದೆ ಎಂದವರೊಳಗೇ ಒಮ್ಮತವಿಲ್ಲ ಎಂಬುದೂ ಗಮನಾರ್ಹ. ಹೊಸ ಒಡಂಬಡಿಕೆಯ ಸಮಾನಾರ್ಥಕ ಪದಗಳನ್ನು ಕುರಿತು 1854ರಲ್ಲಿ ಗ್ರಂಥ ಪ್ರಕಟಿಸಿದ ಆಂಗ್ಲಿಕನ್ ವಿದ್ವಾಂಸ ರಿಚರ್ಡ್ ಟ್ರೆಂಚ್ ಅವರಿಗೆ ಅಗಪಾನ್ ಇಲ್ಲಿ ತಣ್ಣನೆಯ ಪದವಾಗಿ ಕಂಡಿತು. ಪೇತ್ರನು ಅದರ ಬದಲು ಹೃದಯ ತುಂಬಿದ ಫಿಲೇನ್ ಅನ್ನು ಆರಿಸಿಕೊಂಡನೆಂದು ಅವರು ತಿಳಿದರು. ಅದೇ ಶತಮಾನದ ವೆಸ್ಟ್‌ಕಾಟ್ ಅವರಿಗೆ ಅಗಪಾನ್ ಉನ್ನತ, ಫಿಲೇನ್ ವಿನಮ್ರ. ಇಬ್ಬರು ಪಂಡಿತರು ಒಂದೇ ಏಣಿಯನ್ನು ಎರಡು ತುದಿಗಳಿಂದ ಹಿಡಿದು ನಿಂತರೆ ಅದು ಪಠ್ಯದಲ್ಲಿರುವ ಏಣಿಯೇ ಎಂಬ ಸಂಶಯ ಸಹಜ. ಲತೀನಿನಲ್ಲಿ ಇದೇ ಪ್ರಶ್ನೆ ‘ದಿಲಿಜೆರೆ’ ಮತ್ತು ‘ಅಮಾರೆ’ ಎಂಬ ಕ್ರಿಯಾಪದಗಳ ರೂಪದಲ್ಲಿ ಎದುರಾದಾಗ ಸಂತ ಆಗಸ್ತೀನರು ತಮ್ಮ ‘ದೇವನಗರ’ದ 14ನೆಯ ಸಂಪುಟದ 7ನೆಯ ಅಧ್ಯಾಯದಲ್ಲಿ ಇದೇ ಘಟನೆಯನ್ನು ಎತ್ತಿಕೊಂಡು, ಎರಡೂ ಪದಗಳಿಂದ ಪ್ರಭು ಕೇಳಿದ್ದು ಒಂದೇ ಎಂದು ತೀರ್ಮಾನಿಸಿದರು. ಸರಿಯಾದ ಇಚ್ಛೆ ಒಳ್ಳೆಯ ಪ್ರೀತಿ, ವಕ್ರವಾದ ಇಚ್ಛೆ ಕೆಟ್ಟ ಪ್ರೀತಿ. ಪದ ಯಾವುದಾದರೂ ಆಗಬಹುದು ಎಂಬುದು ಅವರ ನಿಲುವು.

ಈ ಅಧ್ಯಾಯದಲ್ಲಿ ನಾವು ನಿಜವಾಗಿ ಗಮನಿಸಬೇಕಾದ ಪದವೊಂದಿದೆ. ದಡದಲ್ಲಿ ಯೇಸು ಹೊತ್ತಿಸಿಟ್ಟಿದ್ದ ಕೆಂಡದ ಬೆಂಕಿಗೆ ಯೊವಾನ್ನನು ಬಳಸಿರುವ ‘ಅಂಥ್ರಕಿಯಾ’ ಎಂಬ ಪದ (21:9) ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಕಡೆ ಬರುತ್ತದೆ. ಪ್ರಧಾನಯಾಜಕನ ಅಂಗಳದಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ ನಿಂತು ಯೇಸುವನ್ನು ನಿರಾಕರಿಸಿದ್ದು ಅಂಥ ಬೆಂಕಿಯ ಬಳಿಯಲ್ಲಿಯೇ (18:18). ಮೂರು ನಿರಾಕರಣೆಗಳಿಗೆ ಮೂರು ಪ್ರಶ್ನೆಗಳು. ಆ ಬೆಂಕಿಗೆ ಈ ಬೆಂಕಿ. ಏಣಿಯ ವ್ಯಾಖ್ಯಾನವು ನಮ್ಮ ಕಣ್ಣನ್ನು ಇಲ್ಲದ ವ್ಯತ್ಯಾಸದ ಕಡೆ ತಿರುಗಿಸಿ, ಇರುವ ಹೋಲಿಕೆಯನ್ನು ಮರೆಮಾಡುತ್ತದೆ. ತನ್ನನ್ನು ಬಲ್ಲೆನೆಂದು ಹೇಳಲು ಹೆದರಿದವನ ಕೈಗೆ ಯೇಸು ಮಂದೆಯನ್ನು ಒಪ್ಪಿಸಿದರೆಂಬ ಸಂದೇಶಕ್ಕೆ ವ್ಯಾಕರಣದ ಸಹಾಯ ಬೇಕಿಲ್ಲ.

‘ಚಾರಿಟಿ’ಯ ಕಥೆ

ಹಾಗಾದರೆ ಪದಗಳ ಆಯ್ಕೆಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಇಂಗ್ಲಿಷ್ ಬೈಬಲಿನ ಚರಿತ್ರೆ ಅದನ್ನು ತೋರಿಸುತ್ತದೆ. ವಿಲಿಯಂ ಟಿಂಡೇಲ್ 1526ರ ತಮ್ಮ ಹೊಸ ಒಡಂಬಡಿಕೆಯ ಅನುವಾದದಲ್ಲಿ ಅಗಾಪೆಗೆ ‘ಲವ್’ ಎಂಬ ಪದವನ್ನಿಟ್ಟರು. ಸಂತ ಥಾಮಸ್ ಮೋರ್ 1529ರಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಧರ್ಮಸಭೆಯಲ್ಲಿ ರೂಢಿಯಾಗಿದ್ದ ‘ಚಾರಿಟಿ’ ಯಾವುದೋ ಒಂದು ಪ್ರೀತಿಯಾಗಿರದೆ ಸತ್‌ಪ್ರೀತಿಯನ್ನು ಸೂಚಿಸುತ್ತದೆ, ‘ಲವ್’ ಆ ಭೇದವನ್ನು ಅಳಿಸುತ್ತದೆ ಎಂಬುದು ಅವರ ಆಕ್ಷೇಪ. 1531ರ ಉತ್ತರದಲ್ಲಿ ಟಿಂಡೇಲ್, ಜನರ ಮಾತಿನಲ್ಲಿ ‘ಚಾರಿಟಿ’ ಎಂದರೆ ಭಿಕ್ಷೆ, ದಯೆ, ತಾಳ್ಮೆ ಎಂದಾಗುತ್ತದೆ, ಅಗಾಪೆಯ ಅರ್ಥ ಅದರಲ್ಲಿ ಹಿಡಿಸುವುದಿಲ್ಲ ಎಂದರು. ಇಬ್ಬರಲ್ಲಿಯೂ ಸತ್ಯಾಂಶವಿತ್ತು. ಇಬ್ಬರೂ ಕೊಲ್ಲಲ್ಪಟ್ಟರು: ಮೋರ್ 1535ರಲ್ಲಿ ಲಂಡನ್ನಿನಲ್ಲಿ, ಟಿಂಡೇಲ್ 1536ರಲ್ಲಿ ಬ್ರಸೆಲ್ಸ್ ಸಮೀಪದ ವಿಲ್ವೋರ್ಡ್‌ನಲ್ಲಿ. ಪ್ರೀತಿಗೆ ತಕ್ಕ ಪದ ಯಾವುದೆಂದು ವಾದಿಸಿದ ಇಬ್ಬರನ್ನೂ ಕ್ರೈಸ್ತ ರಾಜ್ಯಗಳೇ ಮರಣದಂಡನೆಗೆ ಗುರಿಪಡಿಸುವ ಕಾಲವದು. ಪದವನ್ನು ಸರಿಪಡಿಸಿದ ಮಾತ್ರಕ್ಕೆ ಪ್ರೀತಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದುಃಖದ ನಿದರ್ಶನ ಬೇಕಿಲ್ಲ.

ಮುಂದೆ 1582ರ ಕಥೋಲಿಕ ಅನುವಾದವಾದ ರೀಮ್ಸ್ ಹೊಸ ಒಡಂಬಡಿಕೆಯೂ 1611ರ ಕಿಂಗ್ ಜೇಮ್ಸ್ ಅನುವಾದವೂ 1 ಕೊರಿಂಥ 13ರಲ್ಲಿ ‘ಚಾರಿಟಿ’ಯನ್ನು ಉಳಿಸಿಕೊಂಡವು. ಆದರೆ 1881ರ ಪರಿಷ್ಕರಣಕಾರರು ಅಲ್ಲಿ ‘ಲವ್’ ಅನ್ನು ಮರಳಿ ತಂದರು. ಅಷ್ಟರಲ್ಲಿ ‘ಚಾರಿಟಿ’ ಬಹುಮಟ್ಟಿಗೆ ಬಡವರಿಗೆ ಕೊಡುವ ದಾನವೆಂಬ ಅರ್ಥಕ್ಕೆ ಕುಗ್ಗಿತ್ತು. ಬಡವರಿಗೆ ಇರುವುದನ್ನೆಲ್ಲ ಹಂಚಿಯೂ ಅಗಾಪೆಯಿಲ್ಲದೆ ಇರಬಹುದೆಂದು ಪೌಲರು ಅದೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ. ಕುಗ್ಗಿದ ಪದದಲ್ಲಿ ಆ ವಚನ ತನ್ನನ್ನೇ ಅಲ್ಲಗಳೆದಂತೆ ಕೇಳಿಸುತ್ತಿತ್ತು. ಪದದ ಅರ್ಥ ಕುಗ್ಗುವುದಕ್ಕೆ ಕಾರಣ ಹಲವಿರಬಹುದು. ಕ್ರೈಸ್ತರ ಪ್ರೀತಿ ನಾಣ್ಯ ಹಾಕುವ ಪೆಟ್ಟಿಗೆಗೆ ಕುಗ್ಗಿದ್ದೂ ಅವುಗಳಲ್ಲಿ ಒಂದಲ್ಲವೇ ಎಂದು ನಾವು ಕೇಳಿಕೊಳ್ಳಬೇಕು. ಕನ್ನಡಕ್ಕೆ ಈ ಎರಡೂ ಪದಗಳು ಕುಗ್ಗಿದ ರೂಪದಲ್ಲಿಯೇ ಬಂದಿವೆ. ‘ಚಾರಿಟಿ’ ಎಂದರೆ ನಮ್ಮಲ್ಲಿ ಟ್ರಸ್ಟಿನ ದಾನಧರ್ಮ. ‘ಲವ್ ಮಾಡಿದರು’ ಎಂದರೆ ಹುಡುಗ ಹುಡುಗಿಯ ಪ್ರಣಯ. ಇಂಗ್ಲಿಷಿನಲ್ಲಿ ಅತಿ ವಿಶಾಲವೆಂಬ ಆರೋಪಕ್ಕೆ ಗುರಿಯಾದ ಪದ ಕನ್ನಡದಲ್ಲಿ ಅತಿ ಕಿರಿದಾಗಿದೆ. ಹೀಗಿರುವಾಗ ಇಂಗ್ಲಿಷಿನ ದೋಷವನ್ನು ತಿದ್ದುವ ಪಾಠವನ್ನು ಕನ್ನಡ ಸಭೆಯ ಮುಂದೆ ಒಪ್ಪಿಸುವುದು ಯಾರಿಗೋ ಬಂದ ಜ್ವರಕ್ಕೆ ಇನ್ನಾರಿಗೋ ಔಷಧಿ ಕೊಟ್ಟಂತೆ.

ಲೂಯಿಸ್ ಹೇಳಿದ್ದೇನು?

ಈ ಏಣಿಯ ಕರ್ತೃವೆಂದು ಸಿ.ಎಸ್. ಲೂಯಿಸ್ ಅವರನ್ನು ಹೆಸರಿಸುವ ರೂಢಿಯಿದೆ. 1960ರಲ್ಲಿ ಪ್ರಕಟವಾದ ‘ದಿ ಫೋರ್ ಲವ್ಸ್’ ಅವರು 1958ರಲ್ಲಿ ಅಮೆರಿಕದ ರೇಡಿಯೋಗಾಗಿ ಧ್ವನಿಮುದ್ರಿಸಿದ ಉಪನ್ಯಾಸಗಳಿಂದ ಬೆಳೆದ ಕೃತಿ. ಆದರೆ ಪುಸ್ತಕವನ್ನು ಓದಿದವರಿಗೆ ಅದು ಏಣಿಯಲ್ಲವೆಂಬುದು ತಿಳಿಯುತ್ತದೆ. ಕೊರತೆಯಿಂದ ಹುಟ್ಟುವ ಪ್ರೀತಿಯನ್ನು ಕೀಳೆಂದೂ ಕೊಡುವ ಪ್ರೀತಿಯನ್ನು ಮೇಲೆಂದೂ ಸಾಧಿಸಲು ಹೊರಟ ಲೇಖಕರು ಮೊದಲ ಪುಟಗಳಲ್ಲಿಯೇ ಆ ಯೋಜನೆಯನ್ನು ಕೈಬಿಡುತ್ತಾರೆ. ಮಗು ತಾಯಿಯನ್ನು ಬಯಸುವುದು, ಮನುಷ್ಯನು ದೇವರನ್ನು ಬಯಸುವುದು ಕೊರತೆಯ ಪ್ರೀತಿಯೇ ಆಗಿದ್ದು ಅದನ್ನು ಪ್ರೀತಿಯಲ್ಲವೆನ್ನಲು ಅವರಿಗೆ ಸಾಧ್ಯವಾಗುವುದಿಲ್ಲ. ಪ್ರೀತಿಸುವವನು ನೋವಿಗೆ ತೆರೆದುಕೊಳ್ಳಲೇಬೇಕು, ಹೃದಯವನ್ನು ಬಚ್ಚಿಟ್ಟು ಕಾಪಾಡಿಕೊಳ್ಳುವುದು ಪುಣ್ಯವಲ್ಲ ಎಂಬುದು ಆ ಪುಸ್ತಕದ ಅತ್ಯುತ್ತಮ ಭಾಗ. ನಮ್ಮ ಪ್ರಬೋಧಕರು ವಿಷಯಸೂಚಿಯನ್ನು ಎತ್ತಿಕೊಂಡು ವಾದವನ್ನು ಬಿಟ್ಟಿದ್ದಾರೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಮನುಷ್ಯಾನುಭವದ ನಾಲ್ಕು ಬಗೆಗಳಿಗೆ ಗ್ರೀಕ್ ಹೆಸರುಗಳನ್ನು ಅಂಟಿಸಿದ್ದರಿಂದ, ಲೇಖಕರ ವರ್ಗೀಕರಣ ಭಾಷಾಶಾಸ್ತ್ರದ ಸತ್ಯವೆಂಬಂತೆ ಕಾಣಿಸಿಕೊಂಡಿತು. ಅದೇ 1960ರಲ್ಲಿ ಅವರು ‘ಸ್ಟಡೀಸ್ ಇನ್ ವರ್ಡ್ಸ್’ ಎಂಬ ಇನ್ನೊಂದು ಗ್ರಂಥವನ್ನೂ ಪ್ರಕಟಿಸಿ, ನಮಗೆ ಪರಿಚಿತವಾದ ಅರ್ಥವನ್ನು ಹಳೆಯ ಪಠ್ಯಗಳ ಮೇಲೆ ಹೇರುವ ಅಪಾಯದ ಬಗ್ಗೆ ಓದುಗರನ್ನು ಎಚ್ಚರಿಸಿದ್ದರು. ಆ ಎಚ್ಚರಿಕೆ ಮೊದಲ ಪುಸ್ತಕದ ಓದುಗರಿಗೆ ತಲುಪಲಿಲ್ಲ. ಪ್ರೇಮಿಗಳು ಎದುರುಬದುರಾಗಿ ಒಬ್ಬರನ್ನೊಬ್ಬರು ನೋಡುತ್ತಾರೆ, ಗೆಳೆಯರು ಪಕ್ಕಪಕ್ಕದಲ್ಲಿ ನಿಂತು ಮೂರನೆಯದೊಂದನ್ನು ನೋಡುತ್ತಾರೆ ಎಂಬ ಅವರ ಚಿತ್ರವೂ ಅಂದವಾದುದು, ಆದರೆ ಅಪೂರ್ಣ. ಸರೋವರದ ದಡದಲ್ಲಿ ಯೇಸು ಪೇತ್ರನನ್ನು ಪ್ರಶ್ನಿಸಿದ್ದು ಎದುರಿಗೆ ನಿಂತು. ಮಂದೆಯತ್ತ ತೋರಿಸಿದ್ದು ಆ ಬಳಿಕ.

ಏಣಿಯ ದೈವಶಾಸ್ತ್ರೀಯ ರೂಪಕ್ಕೆ ನಿಜವಾದ ಹೊಣೆಗಾರರು ಸ್ವೀಡನ್ನಿನ ಲೂಥರನ್ ದೈವಶಾಸ್ತ್ರಜ್ಞ ಆಂಡರ್ಸ್ ನೀಗ್ರೆನ್. 1930 ಮತ್ತು 1936ರಲ್ಲಿ ಎರಡು ಭಾಗಗಳಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಏರೊಸ್ ಮೇಲಕ್ಕೆ ಕೈಚಾಚುವ ಮಾನವನ ಆಸೆ. ಅಗಾಪೆ ಯಾವ ಕಾರಣವನ್ನೂ ಹುಡುಕದೆ ಕೆಳಗಿಳಿಯುವ ದೇವರ ಪ್ರೀತಿ. ಎರಡಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಿದ್ದೇ ಆಗಸ್ತೀನರ ತಪ್ಪು. ದೇವರ ಕೃಪೆಯನ್ನು ಎತ್ತಿಹಿಡಿಯುವ ಈ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ದೇವರಿಗಾಗಿ ಹಂಬಲಿಸುವುದೇ ದೋಷವೆಂದಾದರೆ ಕೀರ್ತನೆಗಳನ್ನು ಹಾಡುವುದು ಹೇಗೆ? ಹೊಶೇಯನ ಪ್ರವಾದನೆಯಲ್ಲಿ ದೇವರು ವಂಚಿತನಾದ ಗಂಡನಂತೆ ನೊಂದು ಮಾತನಾಡುವುದನ್ನು ಎಲ್ಲಿಡುವುದು? ಇದಕ್ಕೆ ಸ್ಪಷ್ಟವಾದ ಉತ್ತರ 2005ರ ಡಿಸೆಂಬರ್ 25ರಂದು ಸಹಿಯಾದ ಹದಿನಾರನೆಯ ಬೆನೆಡಿಕ್ಟರ ಮೊದಲ ವಿಶ್ವಪರಿಪತ್ರದಲ್ಲಿದೆ. ಏರೊಸ್ ಮತ್ತು ಅಗಾಪೆಗಳನ್ನು ಸಂಪೂರ್ಣವಾಗಿ ಬೇರ್ಪಡಿಸಲಾಗದು, ದೇವರ ಪ್ರೀತಿಯಲ್ಲಿಯೇ ಎರಡೂ ಇವೆ ಎಂದು ಜಗದ್ಗುರುಗಳು ಅಲ್ಲಿ ಬೋಧಿಸುತ್ತಾರೆ. ಕನ್ನಡ ನೆಲದವರಿಗೆ ಈ ಬೋಧನೆ ಅಪರಿಚಿತವೆನಿಸಬೇಕಾಗಿಲ್ಲ. ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ವರಿಸಿದ ಅಕ್ಕಮಹಾದೇವಿಯ ವಚನಗಳನ್ನು ಬಲ್ಲವರು, ಪರಮಗೀತೆಯ ಮೇಲೆ ಸಂತ ಬರ್ನಾರ್ಡರು ನೀಡಿದ ಪ್ರಬೋಧನೆಗಳನ್ನು ಓದುವಾಗ ಮುಜುಗರಪಡುವುದಿಲ್ಲ.

ಏಣಿಯಿಂದ ಬಿದ್ದವರು

ಇನ್ನು ನಮ್ಮ ಎರಡನೆಯ ವಾದಕ್ಕೆ ಬರೋಣ. ಗೆಳೆತನ ಎರಡನೆಯ ದರ್ಜೆಯ ಪ್ರೀತಿಯೆಂದು ಕಲಿತ ಗುರುವಿದ್ಯಾರ್ಥಿ ಏನು ಮಾಡುತ್ತಾನೆ? ಎಲ್ಲರನ್ನೂ ಸಮಾನವಾಗಿ ಪ್ರೀತಿಸಬೇಕಾದವನಿಗೆ ಆಪ್ತರು ಇರಬಾರದೆಂದು ತಿಳಿಯುತ್ತಾನೆ. ಯಾರಿಗೂ ಹತ್ತಿರವಾಗದಿರುವುದನ್ನು ವಿರಕ್ತಿಯೆಂದು ಕರೆದುಕೊಳ್ಳುತ್ತಾನೆ. ಗುರುದೀಕ್ಷೆಯ ಹತ್ತು ವರ್ಷಗಳ ಬಳಿಕ, ದೂರದ ಧರ್ಮಕೇಂದ್ರವೊಂದರಲ್ಲಿ, ಮನಸ್ಸು ಕುಸಿದಾಗ ಫೋನ್ ಮಾಡಲು ಅವನಿಗೆ ಒಂದು ಹೆಸರೂ ನೆನಪಾಗುವುದಿಲ್ಲ. ಆಗ ಆ ಖಾಲಿ ಜಾಗವನ್ನು ಮದ್ಯವೋ ಅಧಿಕಾರದ ಆಸೆಯೋ ತುಂಬುತ್ತದೆ.

ಯೊವಾನ್ನ 15ರಲ್ಲಿ ಯೇಸುಸ್ವಾಮಿ ಹೇಳುವುದು ಇದಕ್ಕೆ ತದ್ವಿರುದ್ಧ. ಎಲ್ಲಕ್ಕಿಂತ ದೊಡ್ಡ ಅಗಾಪೆ ಯಾವುದೆಂದು ವಿವರಿಸುವಾಗ ಅವರು ಹೆಸರಿಸುವುದು ಫಿಲೊಯ್ ಅನ್ನು, ಅಂದರೆ ಗೆಳೆಯರನ್ನು. ಅವರಿಗಾಗಿ ಪ್ರಾಣ ಕೊಡುವುದನ್ನು. ಮರುಕ್ಷಣವೇ ಶಿಷ್ಯರನ್ನು ಸೇವಕರ ಸ್ಥಾನದಿಂದ ಎತ್ತಿ ಗೆಳೆಯರೆಂದು ಕರೆಯುತ್ತಾರೆ. ಏಣಿಯ ಪ್ರಕಾರ ಇದು ಇಳಿಕೆ. ಶುಭಸಂದೇಶದ ಪ್ರಕಾರ ಇದು ಏರಿಕೆ. ಸಂತ ಥಾಮಸ್ ಅಕ್ವಿನಾಸರು ದೈವಿಕ ಪ್ರೀತಿಯೆಂಬ ಸದ್ಗುಣವನ್ನು ಕುರಿತು ಎತ್ತುವ ಮೊದಲ ಪ್ರಶ್ನೆಯೇ ಅದು ಗೆಳೆತನವೇ ಎಂಬುದು. ಇದೇ ವಚನವನ್ನು ಆಧರಿಸಿ, ಹೌದು, ಅದು ದೇವರೊಡನೆ ಮಾನವನ ಗೆಳೆತನ ಎಂದು ಅವರು ಉತ್ತರಿಸುತ್ತಾರೆ. ಪ್ರೀತಿಯ ಲತೀನ್ ಸಮಾನಾರ್ಥಕಗಳನ್ನು ವಿಂಗಡಿಸುವಾಗಲೂ ಅವರು ಏಣಿ ಕಟ್ಟುವುದಿಲ್ಲ. ‘ಆಮೊರ್’ ಎಂಬುದು ದೊಡ್ಡ ವೃತ್ತ. ಆಯ್ಕೆ ಸೇರಿದಾಗ ಅದರೊಳಗೇ ‘ದಿಲೆಕ್ಸಿಯೊ’, ಅಮೂಲ್ಯವೆಂಬ ಭಾವ ಸೇರಿದಾಗ ಅದರೊಳಗೇ ‘ಕಾರಿತಾಸ್’. ಒಳಗಿನ ವೃತ್ತ ಹೊರಗಿನದನ್ನು ತೊರೆಯುವುದಿಲ್ಲ. ಎರಡನೆಯ ಜಾನ್ ಪಾಲರು ಗುರುಶಿಕ್ಷಣವನ್ನು ಕುರಿತ 1992ರ ತಮ್ಮ ಪತ್ರದಲ್ಲಿ ಭಾವನಾತ್ಮಕ ಪಕ್ವತೆಯನ್ನು ವಿವರಿಸುವಾಗ ಗೆಳೆತನಕ್ಕೂ ಸಹೋದರತ್ವಕ್ಕೂ ಸ್ಥಾನ ಕೊಟ್ಟಿರುವುದು ಈ ಪರಂಪರೆಗೆ ಅನುಗುಣವಾಗಿಯೇ ಇದೆ.

ದಾಂಪತ್ಯದಲ್ಲಿ ಏಣಿ ಮಾಡುವ ಹಾನಿ ಇನ್ನೂ ಆಳವಾದುದು. ಅಗಾಪೆಗೆ ಭಾವನೆ ಬೇಕಿಲ್ಲ, ಪ್ರತಿಫಲ ಬೇಕಿಲ್ಲ, ಸಹಿಸುವುದೇ ಅದರ ಲಕ್ಷಣ ಎಂದು ಬೋಧಿಸಿದ ಮೇಲೆ, ಗಂಡನ ಹೊಡೆತ ತಿಂದು ಬಂದ ಹೆಂಡತಿಗೆ ಅದೇ ಬೋಧನೆಯನ್ನು ಹೇಳಿ ಹಿಂದಕ್ಕೆ ಕಳುಹಿಸುವುದು ಸುಲಭವಾಗಿಬಿಡುತ್ತದೆ. ಪ್ರೀತಿಸುವುದೆಂದರೆ ಮತ್ತೊಬ್ಬರ ಒಳಿತನ್ನು ಬಯಸುವುದು ಎಂಬ ಥಾಮಸರ ವ್ಯಾಖ್ಯೆಯನ್ನು ಹಿಡಿದವನು ಹಾಗೆ ಹೇಳಲಾರ. ಹೊಡೆಯುವ ಕೈಗೆ ಅವಕಾಶ ಕೊಡುತ್ತಾ ಹೋಗುವುದು ಹೊಡೆತ ತಿನ್ನುವವಳ ಒಳಿತೂ ಅಲ್ಲ, ಹೊಡೆಯುವವನ ಆತ್ಮದ ಒಳಿತೂ ಅಲ್ಲ. ಅವಳು ಮನೆಯಿಂದ ಹೊರಬಂದು ನ್ಯಾಯ ಕೇಳುವುದು ಅಗಾಪೆಗೆ ವಿರುದ್ಧವಲ್ಲ. ಇನ್ನೊಂದು ಕಡೆ, ಪರಸ್ಪರ ಆಕರ್ಷಣೆಯಿಂದ ಒಂದಾದ ದಂಪತಿಗಳಿಗೆ ಆ ಆಕರ್ಷಣೆಯೇ ಕೀಳೆಂದು ಹೇಳುವುದು ಸೃಷ್ಟಿಕರ್ತರ ಕೊಡುಗೆಯನ್ನು ಹಳಿದಂತೆ. ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀಸಿಯಾ’ದ ನಾಲ್ಕನೆಯ ಅಧ್ಯಾಯದಲ್ಲಿ 1 ಕೊರಿಂಥ 13ನ್ನು ಪದಪದವಾಗಿ ಬಿಡಿಸಿ ದಂಪತಿಗಳ ದಿನನಿತ್ಯದ ಬಾಳಿಗೆ ಅನ್ವಯಿಸುತ್ತಾರೆ, ಅದೇ ಅಧ್ಯಾಯದಲ್ಲಿ ದಾಂಪತ್ಯದ ಅನುರಾಗವನ್ನೂ ದೇವರ ವರವೆಂದು ಕೊಂಡಾಡುತ್ತಾರೆ. ಅಡುಗೆಮನೆಯ ತಾಳ್ಮೆಯೂ ಮಂಚದ ಅನುರಾಗವೂ ಒಂದೇ ಪ್ರೀತಿಯ ಒಳಗೆ ಬರುತ್ತವೆ.

ಪ್ರಬೋಧಕನಿಗೆ

ಹಾಗಾದರೆ ಪ್ರಬೋಧನೆಯಲ್ಲಿ ನಾವು ಮಾಡಬೇಕಾದುದೇನು? ಗ್ರೀಕನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದನ್ನು ಇನ್ನೂ ಹೆಚ್ಚು ಕಲಿಯಬೇಕೆಂಬುದು ನಮ್ಮ ಬೇಡಿಕೆ. ಒಂದು ಪದ ಎಲ್ಲೆಲ್ಲಿ ಬರುತ್ತದೆಂದು ಪದಸೂಚಿಯಲ್ಲಿ ಅರ್ಧ ಗಂಟೆ ಹುಡುಕಿದವನು ಅಮ್ನೋನನನ್ನು ಎದುರುಗೊಳ್ಳದೆ ಇರುವುದಿಲ್ಲ. ಎರಡನೆಯದಾಗಿ, ಪದಕ್ಕಿಂತ ವಾಕ್ಯವನ್ನು, ವಾಕ್ಯಕ್ಕಿಂತ ಘಟನೆಯನ್ನು ನೋಡಬೇಕು: ಯಾರು, ಯಾರನ್ನು, ಏನನ್ನು ತೆತ್ತು ಪ್ರೀತಿಸುತ್ತಿದ್ದಾರೆ? ಮೂರನೆಯದಾಗಿ, ನಮ್ಮ ಜನರ ಪದಗಳನ್ನು ನಂಬಬೇಕು. ಅಕ್ಕರೆ, ಒಲವು, ಕಕ್ಕುಲಾತಿ, ಅಂತಃಕರಣ, ನಲ್ಮೆ, ವಾತ್ಸಲ್ಯ, ಮಮತೆ ಎಂಬ ಪದಗಳು ಬಾಯಲ್ಲಿರುವ ಸಭೆಗೆ ‘ಲವ್’ ಪದದ ಬಡತನದ ಪಾಠ ಬೇಕಿಲ್ಲ. ಈ ಪದಗಳನ್ನೂ ಮೆಟ್ಟಿಲುಗಳಾಗಿ ಜೋಡಿಸುವ ಆಸೆಗೆ ಬೀಳದೆ, ಪ್ರತಿಯೊಂದನ್ನೂ ಶಿಲುಬೆಯ ಬೆಳಕಿನಲ್ಲಿ ಹಿಡಿಯಬೇಕು. ಅಂತಃಕರಣವೂ ಪಕ್ಷಪಾತಿಯಾಗಬಹುದು, ಮಮತೆಯೂ ಮಕ್ಕಳನ್ನು ಕಟ್ಟಿಹಾಕಬಹುದು, ಸೇವೆಯೂ ದರ್ಪಕ್ಕೆ ತಿರುಗಬಹುದು. ಶುದ್ಧೀಕರಣ ಎಲ್ಲಕ್ಕೂ ಬೇಕು, ತಿರಸ್ಕಾರ ಯಾವುದಕ್ಕೂ ಬೇಡ.

ಪೇತ್ರನ ಉತ್ತರವನ್ನು ಯೇಸುಸ್ವಾಮಿ ತೂಗಿ ನೋಡಿ ಕಡಿಮೆಯಾಯಿತೆಂದು ಹೇಳಲಿಲ್ಲ. ಪ್ರತಿ ಬಾರಿಯೂ ಅದನ್ನು ಸ್ವೀಕರಿಸಿ, ಅವನಿಗೆ ಕೆಲಸವನ್ನು ಒಪ್ಪಿಸಿದರು. ಅವನು ಆಡಿದ ಪದ ಸಾಕಾಗಿತ್ತೇ ಎಂಬುದಕ್ಕೆ ಉತ್ತರ ಅದೇ ಅಧ್ಯಾಯದ ಮುಂದಿನ ವಚನಗಳಲ್ಲಿದೆ (21:18-19): ಮುದುಕನಾದಾಗ ಅವನು ಕೈಗಳನ್ನು ಚಾಚುವನು, ತನಗೆ ಇಷ್ಟವಿಲ್ಲದ ಕಡೆಗೆ ಇನ್ನೊಬ್ಬನು ಅವನನ್ನು ಕೊಂಡೊಯ್ಯುವನು ಎಂದು ಯೇಸು ಮುಂತಿಳಿಸುತ್ತಾರೆ. ಗೆಳೆಯನ ಪದದಿಂದ ಉತ್ತರಿಸಿದವನೇ ಗೆಳೆಯನಿಗಾಗಿ ಪ್ರಾಣ ಕೊಟ್ಟನು.